ನೀರಿನ ಘಟಕದ ಹಿಂದಿನ ಪೈಪು ಮತ್ತು ಏಳನೇ ತರಗತಿಯ ಗಣಿತ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಏಳನೇ ತರಗತಿಯ ಗಣಿತ, ವಿಜ್ಞಾನ ಎರಡೂ ನನ್ನ ಪಾಲಿಗಿವೆ. 42 ಮಕ್ಕಳಿದ್ದಾರೆ. ದಾನಿಗಳು ಒಂದು ಸ್ಮಾರ್ಟ್ ಟಿವಿ ಕೊಟ್ಟಿದ್ದಾರೆ. ತರಬೇತಿಗೆ ಹೋದಾಗ 'ಸಮಸ್ಯೆ ಆಧಾರಿತ ಕಲಿಕೆ ಮಾಡಿ, ತಂತ್ರಜ್ಞಾನ ಬಳಸಿ' ಎಂದು ಹೇಳಿ ಕಳಿಸಿದರು. ಶಾಲೆಗೆ ಬಂದು ನೋಡಿದರೆ ಟಿವಿಯಲ್ಲಿ ವಿಡಿಯೊ ಹಾಕುವುದು ಬಿಟ್ಟು ಬೇರೇನೂ ತೋಚುತ್ತಿಲ್ಲ. ಪ್ರಾಜೆಕ್ಟ್ ಕೊಟ್ಟರೆ ಥರ್ಮಾಕೋಲ್ ಮಾಡೆಲ್ ಬರುತ್ತದೆ, ಅದೂ ಮನೆಯ ದೊಡ್ಡವರು ಮಾಡಿಕೊಟ್ಟದ್ದು. ಮಕ್ಕಳ ಹತ್ತಿರ ಫೋನ್ ಇಲ್ಲ. ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪಾಠ ಬೇರೆ ಮುಗಿಸಬೇಕು. ಎಲ್ಲಿಂದ ಶುರು ಮಾಡಲಿ? ಮೇಲಿನವರು ನೋಡಲು ಬಂದರೆ ಏನು ತೋರಿಸಲಿ?

ಉತ್ತರ: ಮೇಡಂ, ಮೊದಲು ಆ ಟಿವಿಯನ್ನು ಒಂದೆರಡು ವಾರ ಮರೆತುಬಿಡಿ. ಮೇಲೊಂದು ಬಟ್ಟೆ ಹೊದಿಸಿಡಿ, ಧೂಳಾದರೂ ಕೂರುವುದಿಲ್ಲ. ತರಬೇತಿಯಲ್ಲಿ ಸಮಸ್ಯೆ, ತಂತ್ರಜ್ಞಾನ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕೇಳಿದವರು ಟಿವಿಯಿಂದ ಶುರು ಮಾಡುತ್ತಾರೆ, ಯಾಕೆಂದರೆ ಅದು ಕಣ್ಣೆದುರಿಗೆ ಇರುತ್ತದೆ. ಸಮಸ್ಯೆ ಕಣ್ಣಿಗೆ ಬೀಳುವುದಿಲ್ಲ, ಹುಡುಕಬೇಕು. ಆ ಹುಡುಕಾಟವೇ ಶಿಕ್ಷಕರ ಮುಖ್ಯ ಕೆಲಸ. ಮಕ್ಕಳ ಕಣ್ಣು, ಕೈ, ಲೆಕ್ಕ ಎಲ್ಲಿ ಸಾಲದೇ ಬರುತ್ತದೋ ಅಲ್ಲಿ ಮಾತ್ರ ಯಂತ್ರವನ್ನು ಕರೆಯಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಇದನ್ನು ನಿಮ್ಮ ಊರಲ್ಲಿ ಹೇಗೆ ಮಾಡಬಹುದು ಅನ್ನುವುದನ್ನು ಈಗ ನೋಡೋಣ.

ಸಮಸ್ಯೆ ಆಧಾರಿತ ಕಲಿಕೆ ಎಂಬ ಈ ಪದ್ಧತಿ ಹುಟ್ಟಿದ್ದು ಶಾಲೆಯಲ್ಲಿ ಅಲ್ಲ, ವೈದ್ಯಕೀಯ ಕಾಲೇಜಿನಲ್ಲಿ. ಕೆನಡಾದ ಹ್ಯಾಮಿಲ್ಟನ್ ಊರಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 1969ರ ಸುಮಾರಿಗೆ ಇದು ಶುರುವಾಯಿತು. ಅಲ್ಲಿದ್ದ ಹೊವಾರ್ಡ್ ಬ್ಯಾರೋಸ್ ಎಂಬ ವೈದ್ಯರ ಹೆಸರು ಇದರ ಜೊತೆಗೇ ಬರುತ್ತದೆ. ವರ್ಷಗಟ್ಟಲೆ ಪುಸ್ತಕ ಬಾಯಿಪಾಠ ಮಾಡಿದ ಹುಡುಗರು ರೋಗಿಯ ಮುಂದೆ ನಿಂತಾಗ ತಡವರಿಸುತ್ತಿದ್ದರು. ಅದಕ್ಕೇ ಕ್ರಮ ತಿರುಗಿಸಿದರು. ಮೊದಲು ರೋಗಿಯ ಕಥೆ, ಪಾಠ ಆಮೇಲೆ. ಚಿಕ್ಕ ಗುಂಪು ಕೂತು ನಮಗೆ ಏನು ಗೊತ್ತು, ಏನು ಗೊತ್ತಿಲ್ಲ, ಏನು ಓದಿಕೊಂಡು ಬರಬೇಕು ಎಂದು ಪಟ್ಟಿ ಮಾಡುತ್ತಿತ್ತು. ಓದಿಕೊಂಡು ಬಂದು ಮತ್ತೆ ಅದೇ ರೋಗಿಯ ಕಥೆಗೆ ಕೂರುತ್ತಿತ್ತು.

ನಿಮ್ಮಲ್ಲಿ ನಡೆಯುವ ಪ್ರಾಜೆಕ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ನಾವು ಪಾಠ ಮುಗಿಸಿ, ಕೊನೆಗೆ 'ಇದರ ಮೇಲೆ ಒಂದು ಮಾಡೆಲ್ ಮಾಡಿಕೊಂಡು ಬಾ' ಅನ್ನುತ್ತೇವೆ. ಅಲ್ಲಿ ಹುಡುಕುವುದಕ್ಕೆ ಏನೂ ಉಳಿದಿರುವುದಿಲ್ಲ, ಅಂಟಿಸುವುದು ಮಾತ್ರ ಉಳಿದಿರುತ್ತದೆ. ಅಂಟಿಸುವ ಕೆಲಸ ಯಾರು ಮಾಡಿದರೂ ನಡೆಯುತ್ತದೆ ಅಲ್ವಾ? ಹಾಗಾಗಿ ಅಪ್ಪ ಮಾಡಿಕೊಡುತ್ತಾನೆ, ಇಲ್ಲವೇ ಊರಿನ ಸ್ಟೇಷನರಿ ಅಂಗಡಿಯವನು ರೆಡಿಮೇಡ್ ಜ್ವಾಲಾಮುಖಿ ಮಾರುತ್ತಾನೆ. ಇದಕ್ಕೆ ನನ್ನ ಸಲಹೆ: ಮಾಡೆಲ್ ಕೇಳಬೇಡಿ, ಲೆಕ್ಕ ಕೇಳಿ. ಅದೂ ಶಾಲೆಯಲ್ಲೇ ಕೂತು ಮಾಡಿದ ಲೆಕ್ಕ.

ಈ ಪದ್ಧತಿಗೆ ದೊಡ್ಡ ಟೀಕೆಯೂ ಇದೆ, ಅದನ್ನು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ಕಿರ್ಶ್ನರ್, ಸ್ವೆಲರ್, ಕ್ಲಾರ್ಕ್ ಎಂಬ ಮೂವರು 2006ರಲ್ಲಿ ಒಂದು ಪ್ರಬಂಧ ಬರೆದು ಸಂಚಲನ ಎಬ್ಬಿಸಿದರು. ಹೊಸದಾಗಿ ಕಲಿಯುವವರನ್ನು 'ನೀವೇ ಹುಡುಕಿಕೊಳ್ಳಿ' ಎಂದು ಬಿಟ್ಟರೆ ಅವರು ಕಲಿಯುವುದಿಲ್ಲ, ಒಂದೇ ಹೊತ್ತಿಗೆ ಹತ್ತು ವಿಷಯ ತಲೆಯಲ್ಲಿ ಹಿಡಿದುಕೊಳ್ಳಲಾಗದೆ ಸೋಲುತ್ತಾರೆ ಅನ್ನುವುದು ಅವರ ವಾದ. ಮರುವರ್ಷವೇ ಮೆಲೊ-ಸಿಲ್ವರ್ ಮತ್ತು ಜೊತೆಗಾರರು ಉತ್ತರ ಕೊಟ್ಟರು: ಸಮಸ್ಯೆ ಆಧಾರಿತ ಕಲಿಕೆ ಅಂದರೆ ಮಕ್ಕಳನ್ನು ನಡುನೀರಲ್ಲಿ ಬಿಡುವುದಲ್ಲ, ಹೆಜ್ಜೆ ಹೆಜ್ಜೆಗೂ ಆಸರೆ ಕೊಡುವುದು. ನನಗೆ ಇಬ್ಬರ ಮಾತೂ ಬೇಕು. ಇಪ್ಪತ್ತು ದಾಟಿದ ಮೆಡಿಕಲ್ ವಿದ್ಯಾರ್ಥಿಗೆ ಕೊಟ್ಟಷ್ಟು ಸ್ವಾತಂತ್ರ್ಯವನ್ನು ಹನ್ನೆರಡು ವರ್ಷದ ಮಗುವಿಗೆ ಕೊಡಲು ಆಗುವುದಿಲ್ಲ. ಶೇಕಡ ಲೆಕ್ಕವೇ ಬಾರದ ಮಗುವಿಗೆ ಶೇಕಡ ಬೇಕಾಗುವ ಸಮಸ್ಯೆ ಕೊಟ್ಟು ಸುಮ್ನೆ ಕೂತರೆ ಅದು ಅನ್ಯಾಯ. ಸಮಸ್ಯೆ ನಡುವೆ ನಿಲ್ಲಿಸಿ, ಕರಿಹಲಗೆ ಮೇಲೆ ಎರಡು ಲೆಕ್ಕ ಬಿಡಿಸಿ ತೋರಿಸಿ, ಮತ್ತೆ ಮುಂದುವರಿಯಬೇಕು. ನೇರವಾಗಿ ಕಲಿಸುವುದು ತಪ್ಪು ಎಂದು ನಿಮಗೆ ಯಾರಾದರೂ ಹೇಳಿದ್ದರೆ ಆ ಮಾತನ್ನು ಬಿಟ್ಟುಬಿಡಿ.

ಈಗ ಸಮಸ್ಯೆ. ನಿಮ್ಮ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇರಬಹುದು, ನಿಮ್ಮಲ್ಲಿಲ್ಲದಿದ್ದರೆ ಪಕ್ಕದ ಊರಲ್ಲಿರುತ್ತದೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ಸಂಜೆ ಶಾಲೆ ಬಿಟ್ಟ ಮೇಲೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಅಲ್ಲಿಗೆ ಹೋಗುವವರು ನಿಮ್ಮ ಮಕ್ಕಳೇ. ಅವರು ದಿನಾ ನೋಡುವುದು ಮುಂದಿನ ನಲ್ಲಿಯನ್ನು. ಹಿಂದೆ ಇನ್ನೊಂದು ಪೈಪು ಇರುತ್ತದೆ. ಅದರಿಂದಲೂ ನೀರು ಸುರಿಯುತ್ತಿರುತ್ತದೆ, ಚರಂಡಿಗೋ ಪಕ್ಕದ ಖಾಲಿ ಜಾಗಕ್ಕೋ.

ಮಕ್ಕಳಿಗೆ ಹೀಗೆ ಕೇಳಿ: 'ನೀವು ಒಂದು ಕ್ಯಾನು ನೀರು ಮನೆಗೆ ಒಯ್ಯುವಾಗ ಎಷ್ಟು ನೀರು ಚರಂಡಿಗೆ ಹೋಗುತ್ತದೆ? ಆ ನೀರನ್ನು ನಮ್ಮ ಊರು ಏನು ಮಾಡಬಹುದು?'

ಇದು ಯಾಕೆ ಒಳ್ಳೆಯ ಸಮಸ್ಯೆ? ಉತ್ತರ ಗೈಡಿನಲ್ಲಿ ಇಲ್ಲ, ಗೂಗಲ್ಲಿನಲ್ಲೂ ಇಲ್ಲ. ಘಟಕದ ಯಂತ್ರ, ಬೋರಿನ ನೀರಿನ ಗುಣ, ಒಳಗೆ ನೀರು ಸೋಸುವ ಪೊರೆ ಎಷ್ಟು ಹಳೆಯದು ಎಂಬುದರ ಮೇಲೆ ಊರಿಂದ ಊರಿಗೆ ಉತ್ತರ ಬದಲಾಗುತ್ತದೆ. ಅಂದರೆ ಅಳೆಯಲೇಬೇಕು. ಎರಡನೆಯದು, ಪಠ್ಯದ ಕೆಲಸವೂ ಇದರಲ್ಲೇ ಆಗುತ್ತದೆ: ಅನುಪಾತ, ಶೇಕಡ, ದತ್ತಾಂಶ, ತ್ಯಾಜ್ಯ ನೀರು, ಗ್ರಾಮ ಪಂಚಾಯಿತಿ, ಕನ್ನಡದ ಪತ್ರಲೇಖನ. 'ಜಲಮಾಲಿನ್ಯದ ಬಗ್ಗೆ ಪ್ರಾಜೆಕ್ಟ್ ಮಾಡಿ' ಅಂದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅದು ವಿಷಯ, ಸಮಸ್ಯೆ ಅಲ್ಲ.

ಮೊದಲ ಪೀರಿಯಡ್ಡಿನಲ್ಲಿ ಕರಿಹಲಗೆಯನ್ನು ಮೂರು ಭಾಗ ಮಾಡಿ. ಗೊತ್ತಿರುವುದು, ಗೊತ್ತಿಲ್ಲದ್ದು, ಹೇಗೆ ತಿಳಿಯುವುದು. ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. 'ನೀರು ಫಿಲ್ಟರ್ ಆಗ್ತೈತ್ರಿ', 'ಹಿಂದಿನ ನೀರು ಸವಳು ಇರ್ತೈತ್ರಿ', ಏನೇ ಬರಲಿ. ತಪ್ಪಿದ್ದರೂ ಬರೆಯಿರಿ, ಒರೆಸಬೇಡಿ. ಹಲಗೆ ಮರುದಿನಕ್ಕೆ ಬೇಕಾಗುತ್ತದೆ, ಹಾಗಾಗಿ ನಿಮ್ಮ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನೋಡಿ, ತಂತ್ರಜ್ಞಾನ ಬಂತು. ಇಷ್ಟು ಸಣ್ಣದಾಗಿ, ಕೆಲಸವಿದ್ದಾಗ ಬಂತು.

ಅಳೆಯುವ ದಿನಕ್ಕೆ ಮುಂಚೆ ನೀವೊಬ್ಬರೇ ಹೋಗಿ ಘಟಕ ನೋಡಿಕೊಳ್ಳುವವರ ಹತ್ತಿರ ಮಾತಾಡಿ ಬನ್ನಿ. ಇದನ್ನು ಮರೆಯಬೇಡಿ. ಶಾಲೆಯವರು ಪರೀಕ್ಷೆ ಮಾಡಲು ಬರುತ್ತಾರೆ ಅಂದರೆ ಅವರಿಗೆ ದಿಗಿಲಾಗುತ್ತದೆ. 'ಮಕ್ಕಳಿಗೆ ಅನುಪಾತ ಕಲಿಸುತ್ತಿದ್ದೇನೆ, ಎರಡು ಬಕೆಟ್ ಹಿಡಿಯುತ್ತೇವೆ' ಎನ್ನಿ. ಎಸ್‌ಡಿಎಂಸಿ (ಶಾಲಾ ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೂ ಒಂದು ಮಾತು ಹೇಳಿಡಿ. ಗುಂಪು ಮಾಡುವಾಗ ಒಂದೇ ಓಣಿಯ ಮಕ್ಕಳನ್ನು ಒಟ್ಟಿಗೆ ಹಾಕಬೇಡಿ. ನಮ್ಮ ಕಡೆ ನೀರಿನ ವಿಷಯ ಬಂದರೆ ಓಣಿಗಳ ನಡುವಿನ ಗೆರೆ ದಪ್ಪವಾಗುತ್ತದೆ, ನಿಮಗೆ ಗೊತ್ತೇ ಇದೆ. ಎಲ್ಲ ಗುಂಪಿನವರೂ ಎಲ್ಲ ಬಕೆಟ್ಟನ್ನೂ ಮುಟ್ಟಲಿ.

42 ಮಕ್ಕಳು ಅಂದರೆ ಆರಾರು ಜನರ ಏಳು ಗುಂಪು. ಬೇಕಾಗುವ ಸಾಮಾನು ಎರಡು ಬಕೆಟ್, ಒಂದು ಲೀಟರಿನ ಅಳತೆ ಪಾತ್ರೆ, ನಿಮ್ಮ ಫೋನಿನ ಸ್ಟಾಪ್‌ವಾಚ್. ಒಂದು ನಿಮಿಷ ಮುಂದಿನ ನಲ್ಲಿಯ ನೀರು ಒಂದು ಬಕೆಟ್ಟಿಗೆ, ಅದೇ ನಿಮಿಷ ಹಿಂದಿನ ಪೈಪಿನ ನೀರು ಇನ್ನೊಂದಕ್ಕೆ. ಹಿಡಿದ ನೀರು ಹಾಳಾಗಬಾರದು, ಮುಂದಿನದ್ದು ಕ್ಯಾನಿಗೆ ಹೋಗಲಿ. ಕೆಲವು ಘಟಕಗಳಲ್ಲಿ ಶುದ್ಧವಾದ ನೀರು ಟ್ಯಾಂಕಿಯಲ್ಲಿ ಕೂಡಿ ಆಮೇಲೆ ನಲ್ಲಿಗೆ ಬರುತ್ತದೆ. ಹಾಗಿದ್ದರೆ ನಲ್ಲಿ ಅಳೆದು ಉಪಯೋಗವಿಲ್ಲ, ಟ್ಯಾಂಕಿಗೆ ಬೀಳುವ ಪೈಪನ್ನೇ ಅಳೆಯಬೇಕು. ಯಂತ್ರದ ಮೇಲೆ ಹರಿವು ತೋರಿಸುವ ಗಾಜಿನ ಕೊಳವೆ ಇದ್ದರೆ ಇನ್ನೂ ಸುಲಭ, ಓದಿಕೊಂಡರಾಯಿತು. ಒಂದೊಂದು ಗುಂಪೂ ಒಂದೊಂದು ಸಲ ಅಳೆಯಲಿ. ಏಳು ಉತ್ತರ ಬರುತ್ತವೆ, ಒಂದರಂತೆ ಒಂದು ಇರುವುದಿಲ್ಲ. ಯಾರದು ಸರಿ ಅಂತ ಜಗಳ ಶುರುವಾಗುತ್ತದೆ. ಸರಾಸರಿ ಯಾಕೆ ಬೇಕು ಎಂದು ಹೇಳಿಕೊಡಲು ಇದಕ್ಕಿಂತ ಒಳ್ಳೆ ಹೊತ್ತು ಸಿಗಲಾರದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಫೋನ್ ಹೊರಗೆ ತೆಗೆದ ಕೂಡಲೇ ಅದು ಗುಂಪಿನ ಜೋರು ಹುಡುಗನ ಕೈ ಸೇರುತ್ತದೆ. ಹುಡುಗಿಯರ ಕೈಗೆ ಪೆನ್ನು, ಹುಡುಗರ ಕೈಗೆ ಫೋನು ಎಂದು ಯಾರೂ ಹೇಳದೆಯೇ ಹಂಚಿಕೆಯಾಗಿಬಿಡುತ್ತದೆ. ಮುಂಚೆಯೇ ಸರದಿ ಬರೆದು ಗೋಡೆಗೆ ಅಂಟಿಸಿ. ಸಮಯ ನೋಡುವವರು, ನೀರು ಹಿಡಿಯುವವರು, ಬರೆಯುವವರು, ಲೆಕ್ಕ ಮಾಡುವವರು. ಪ್ರತಿ ಸಲ ಬದಲಾಗಬೇಕು.

ಈಗ ಒಂದು ಉದಾಹರಣೆ ಲೆಕ್ಕ ಮಾಡಿ ನೋಡೋಣ. ಅಂಕಿಗಳು ನಾನು ಹಿಡಿದವು, ನಿಮ್ಮ ಊರಿನವು ಬೇರೆ ಇರುತ್ತವೆ. ಒಂದು ನಿಮಿಷಕ್ಕೆ ಮುಂದೆ 15 ಲೀಟರ್, ಹಿಂದೆ 20 ಲೀಟರ್ ಬಂತು ಅನ್ನಿ. ಯಂತ್ರಕ್ಕೆ ಹೋದ ನೀರು 35 ಲೀಟರ್. ಕುಡಿಯಲು ಸಿಕ್ಕಿದ್ದು ಸುಮಾರು ಶೇ. 43. ಒಂದು ಕ್ಯಾನಿಗೆ, ಅಂದರೆ 20 ಲೀಟರಿಗೆ, ಚರಂಡಿಗೆ ಹೋದದ್ದು ಹೆಚ್ಚುಕಡಿಮೆ 27 ಲೀಟರ್. ಊರಲ್ಲಿ ದಿನಕ್ಕೆ 300 ಕ್ಯಾನು ತುಂಬುತ್ತವೆ ಅಂದರೆ 8,000 ಲೀಟರ್. ಈ 8,000 ಎನ್ನುವ ಅಂಕಿ ಹಲಗೆ ಮೇಲೆ ಬಿದ್ದಾಗ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಮನೆಗೆ ಎರಡು ಕೊಡ ನೀರಿಗಾಗಿ ಬೇಸಿಗೆಯಲ್ಲಿ ಕಾದು ನಿಂತ ಮಕ್ಕಳು ಅವರು. ಇದು ಪುಸ್ತಕದ ಲೆಕ್ಕವಲ್ಲ ಎಂದು ನೀವು ಹೇಳಿಕೊಡಬೇಕಾಗಿಲ್ಲ.

ಆಗ ಪರಿಹಾರಗಳು ಮಳೆಯಂತೆ ಬರುತ್ತವೆ. 'ಗಿಡಕ್ಕೆ ಹಾಕೋಣ್ರಿ ಅಕ್ಕೋರ', 'ದನಕ್ಕೆ ಕುಡಿಸೋಣ್ರಿ', 'ಶೌಚಾಲಯಕ್ಕೆ ಬಿಡೋಣ್ರಿ'. ಇಲ್ಲಿ ಬಹಳ ಶಿಕ್ಷಕರು 'ಶಭಾಷ್' ಅಂದು ಮುಗಿಸಿಬಿಡುತ್ತಾರೆ. ಮುಗಿಸಬೇಡಿ. ನಿಜವಾದ ವಿಜ್ಞಾನ ಶುರುವಾಗುವುದೇ ಇಲ್ಲಿ. ಒಂದು ಪ್ರಶ್ನೆ ಎಸೆಯಿರಿ: 'ಬೋರಿನ ನೀರಿನಲ್ಲಿದ್ದ ಉಪ್ಪು ಎಲ್ಲಿ ಹೋಯಿತು?'

ಮೂರು ಸ್ಟೀಲ್ ತಟ್ಟೆ ತರಿಸಿ. ಒಂದರಲ್ಲಿ ಬೋರಿನ ನೀರು, ಒಂದರಲ್ಲಿ ಶುದ್ಧ ನೀರು, ಒಂದರಲ್ಲಿ ಹಿಂದಿನ ಪೈಪಿನದು, ಅಳೆದು ಒಂದೊಂದು ಲೋಟ. ಮೇಲೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ. ವಿಜಯಪುರದ ಬಿಸಿಲನ್ನು ನಾವು ಬೈಯುವುದೇ ಜಾಸ್ತಿ, ಇಂಥದ್ದಕ್ಕೆ ಅದು ಉಪಕಾರಿ. ನೀರು ಆರಿದ ಮೇಲೆ ತಟ್ಟೆ ನೋಡಿ. ಶುದ್ಧ ನೀರಿನ ತಟ್ಟೆಯಲ್ಲಿ ಒಂದಿಷ್ಟು ಕಲೆ. ಬೋರಿನದರಲ್ಲಿ ಬಿಳಿ ಉಂಗುರ. ಮೂರನೆಯದರಲ್ಲಿ ಬೆರಳಲ್ಲಿ ಕೆರೆದರೆ ಪುಡಿ ಬರುವಷ್ಟು ಬಿಳಿ. ಉಪ್ಪು ಎಲ್ಲೂ ಮಾಯವಾಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ. ಈ ತಟ್ಟೆಯ ಮುಂದೆ ಯಾವ ವಿಡಿಯೊ ನಿಲ್ಲುತ್ತದೆ ಹೇಳಿ?

ಎಷ್ಟು ಉಪ್ಪು ಎಂದು ಕೇಳಿದಾಗ ಕಣ್ಣು ಸಾಲದು. ಉಪಕರಣ ಬೇಕಾಗುವುದು ಈಗ. ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಮೀಟರ್ ಅಂತ ಪೆನ್ನಿನಂಥ ಒಂದು ಸಾಧನ ಬರುತ್ತದೆ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನೀರಿನಲ್ಲಿ ಅದ್ದಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ಅಂದಾಜು ತೋರಿಸುತ್ತದೆ. ಅದು ಲವಣವನ್ನು ತೂಗುವುದಿಲ್ಲ, ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ ಲೆಕ್ಕ ಹಾಕುತ್ತದೆ. ಮಕ್ಕಳಿಗೆ ಇದನ್ನು ಹೇಳಿ, ಯಂತ್ರ ಹೇಳಿದ್ದೆಲ್ಲ ನೇರ ಸತ್ಯ ಅಲ್ಲ ಎಂದು ಗೊತ್ತಾಗಲಿ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಈ ಅಂಕಿ 500ರ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ. ಇನ್ನೊಂದು ಎಚ್ಚರಿಕೆ: ಟಿಡಿಎಸ್ ಕಡಿಮೆ ಇದೆ ಎಂದ ಮಾತ್ರಕ್ಕೆ ನೀರು ಸುರಕ್ಷಿತ ಅಲ್ಲ. ಈ ಪೆನ್ನಿಗೆ ಫ್ಲೋರೈಡ್ ಬೇರೆಯಾಗಿ ಕಾಣುವುದಿಲ್ಲ, ರೋಗಾಣು ಕಾಣುವುದೇ ಇಲ್ಲ. ಮಕ್ಕಳು ಮನೆಗೆ ಹೋಗಿ 'ನಮ್ಮ ನೀರು ಪಾಸ್' ಎಂದು ಹೇಳುವ ಮುಂಚೆ ಇದು ತಿಳಿದಿರಲಿ.

ಮುಂದಿನ ಲೆಕ್ಕ ನನಗೆ ತುಂಬಾ ಇಷ್ಟ. ಬೋರಿನ ನೀರು 1,200 ತೋರಿಸಿತು, ಶುದ್ಧ ನೀರು 80 ತೋರಿಸಿತು ಅನ್ನಿ. ಒಳಗೆ ಹೋದ 35 ಲೀಟರಿನಲ್ಲಿ ಲವಣ 42 ಗ್ರಾಂ. ಮುಂದೆ ಬಂದ 15 ಲೀಟರಿನಲ್ಲಿ 1.2 ಗ್ರಾಂ. ಉಳಿದ 40.8 ಗ್ರಾಂ ಹಿಂದಿನ 20 ಲೀಟರಿನಲ್ಲಿ ಇರಲೇಬೇಕು, ಅಂದರೆ ಲೀಟರಿಗೆ 2,040 ಮಿಲಿಗ್ರಾಂ. ಇಷ್ಟನ್ನು ಮೀಟರ್ ಅದ್ದುವ ಮುಂಚೆ ಕಾಗದದ ಮೇಲೆ ಮಾಡಿಸಿ. ಆಮೇಲೆ ಅದ್ದಿಸಿ. ಕಾಗದದ ಅಂಕಿಗೂ ಪೆನ್ನಿನ ಅಂಕಿಗೂ ಹತ್ತಿರ ಹತ್ತಿರ ಬಂದರೆ ಮಕ್ಕಳು ಕುಣಿಯುತ್ತಾರೆ. ದೂರ ದೂರ ಬಂದರೆ ಯಾಕೆ ಎಂದು ಹುಡುಕಲು ಇನ್ನೊಂದು ಪೀರಿಯಡ್ ಬೇಕಾಗುತ್ತದೆ, ಕೊಡಿ. ಅದೇ ಅಂಕಿಯನ್ನು 8,000 ಲೀಟರಿಗೆ ಹಿಡಿದರೆ ದಿನಕ್ಕೆ 16 ಕಿಲೋ ಲವಣ. ಒಂದೇ ಜಾಗಕ್ಕೆ, ದಿನಾ.

ಈಗ 'ಗಿಡಕ್ಕೆ ಹಾಕೋಣ' ಎಂದ ಹುಡುಗನ ಕಡೆ ತಿರುಗಿ. ಅವನ ಮನೆಯವರು ರೈತರಾದರೆ ಸವಳು-ಜವಳು (ಉಪ್ಪು ಕೂಡಿ, ನೀರು ನಿಂತು ಹೊಲ ಕೆಡುವುದು) ಅಂದರೆ ಏನು ಅಂತ ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎರೆ ಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ, ಉಪ್ಪು ಮೇಲೆಯೇ ಕೂರುತ್ತದೆ. ಕೃಷ್ಣಾ ಕಾಲುವೆ ಬಂದ ಮೇಲೆ ಹೊಲ ಬೆಳ್ಳಗಾದ ಕಥೆಗಳು ನಮ್ಮ ಕಡೆಯ ಜಿಲ್ಲೆಗಳಲ್ಲಿವೆ. ಹಾಗಾದರೆ ಆ ನೀರು ಯಾವುದಕ್ಕೆ ಸರಿ? ಶೌಚಾಲಯಕ್ಕೆ? ರಸ್ತೆಯ ಧೂಳಿಗೆ? ಬೋರಿನ ನೀರಿನ ಜೊತೆ ಬೆರೆಸಿ ಕೆಲವು ಮರಗಳಿಗೆ? ಇದಕ್ಕೆ ಒಂದೇ ಸರಿಯುತ್ತರ ಇಲ್ಲ, ನಿಮ್ಮಲ್ಲೂ ಇರಬೇಕಾಗಿಲ್ಲ.

ಹೆಸರುಕಾಳಿನ ಪ್ರಯೋಗ ಮಾಡಬಹುದು. ನಾಲ್ಕು ಬಟ್ಟಲು, ಒದ್ದೆ ಬಟ್ಟೆ, ಒಂದೊಂದರಲ್ಲಿ 20 ಕಾಳು. ಮೂರಕ್ಕೆ ಮೂರು ಥರದ ನೀರು, ನಾಲ್ಕನೆಯದಕ್ಕೆ ಚಮಚ ಉಪ್ಪು ಕದಡಿದ ನೀರು. ದಿನಾ ಮೊಳಕೆ ಎಣಿಸಿ. ಮೊದಲ ಮೂರರಲ್ಲಿ ವ್ಯತ್ಯಾಸ ಕಾಣದೇ ಹೋಗಬಹುದು. ನಾಲ್ಕು ದಿನದಲ್ಲಿ ಮೊಳಕೆ ಒಡೆಯುವುದು ಬೇರೆ, ನಾಲ್ಕು ವರ್ಷದಲ್ಲಿ ಮಣ್ಣಿನಲ್ಲಿ ಉಪ್ಪು ಕೂಡುವುದು ಬೇರೆ. ವ್ಯತ್ಯಾಸ ಬರಲಿಲ್ಲ ಎಂದು ಮಕ್ಕಳು ಅಂಕಿ ತಿದ್ದದಂತೆ ನೋಡಿಕೊಳ್ಳಿ. ನಮ್ಮ ವಿಜ್ಞಾನ ಮೇಳಗಳಲ್ಲಿ ಎಲ್ಲ ಪ್ರಯೋಗವೂ ಯಶಸ್ವಿಯಾಗಿರುವುದನ್ನು ನೋಡಿದರೆ ನನಗೆ ಅನುಮಾನ ಬರುತ್ತದೆ.

ಇನ್ನು ಟಿವಿ ಮೇಲಿನ ಬಟ್ಟೆ ತೆಗೆಯಬಹುದು. ಏಳು ಗುಂಪಿನ ಅಂಕಿಗಳನ್ನು ಎಲ್ಲರೂ ಒಟ್ಟಿಗೆ ನೋಡಬೇಕಲ್ಲ, ಅದಕ್ಕೆ ದೊಡ್ಡ ಪರದೆ ಬೇಕು. ಆದರೆ ಸ್ತಂಭಾಲೇಖವನ್ನು ಮೊದಲು ಚೌಕಳಿ ಹಾಳೆಯ ಮೇಲೆ ಕೈಯಲ್ಲೇ ಬರೆಸಿ. ಅಳತೆ ಹೇಗೆ ಆರಿಸಬೇಕು ಎಂದು ಒದ್ದಾಡದ ಮಗುವಿಗೆ ಕಂಪ್ಯೂಟರ್ ಬರೆದ ಗ್ರಾಫ್ ಬರೀ ಬಣ್ಣದ ಚಿತ್ರ. ಕೈಯಲ್ಲಿ ಬರೆದ ಮೇಲೆ ಫೋನಿನಲ್ಲೋ ಶಾಲೆಯ ಲ್ಯಾಪ್‌ಟಾಪಿನಲ್ಲೋ ಸ್ಪ್ರೆಡ್‌ಶೀಟಿಗೆ ಅಂಕಿ ಹಾಕಿ, ಟಿವಿಗೆ ಕೇಬಲ್ ಜೋಡಿಸಿ. ಒಂದು ಅಂಕಿ ಬದಲಿಸಿದರೆ ಸ್ತಂಭ ಏರುತ್ತದೆ, ಇಳಿಯುತ್ತದೆ. ಕೈಯಲ್ಲಿ ಆಗದ್ದು ಅದೊಂದು: 'ಕ್ಯಾನು 300ರ ಬದಲು 500 ಆದರೆ?' ಎಂದು ಕೇಳಿದ ಕೂಡಲೇ ತೋರಿಸುವುದು. ಇದಕ್ಕೆ ಇಂಟರ್‌ನೆಟ್ ಬೇಡ.

ನೆಟ್ ಇಲ್ಲದೆ ನಡೆಯುವ ಇನ್ನೆರಡು ಸಾಧನ ಹೇಳುತ್ತೇನೆ, ಹೆಚ್ಚು ಬೇಡ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ವಿಜ್ಞಾನ-ಗಣಿತದ ಸಿಮ್ಯುಲೇಶನ್‌ಗಳಿವೆ, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಹಲವು ಕನ್ನಡದಲ್ಲೂ ಸಿಗುತ್ತವೆ. ಮನೆಯಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲಿ ತಂದು ಲ್ಯಾಪ್‌ಟಾಪಿನಲ್ಲಿ ಹಾಕಬಹುದು. ಗಣಿತಕ್ಕೆ ಜಿಯೋಜೀಬ್ರಾ, ಆಕೃತಿ, ಗ್ರಾಫ್ ಬರೆಯುವ ತಂತ್ರಾಂಶ. ನೆಟ್ ಇದ್ದ ದಿನ ಪ್ಲಿಕರ್ಸ್ ಎಂಬ ಆ್ಯಪ್ ನೋಡಿ. ಮಕ್ಕಳ ಕೈಯಲ್ಲಿ ಮುದ್ರಿಸಿದ ಕಾಗದದ ಕಾರ್ಡು, ನಿಮ್ಮ ಕೈಯಲ್ಲಿ ಮಾತ್ರ ಫೋನು. ಕಾರ್ಡನ್ನು ಯಾವ ಕಡೆ ತಿರುಗಿಸಿ ಹಿಡಿದಿದ್ದಾರೆ ಎಂದು ಕ್ಯಾಮೆರಾ ಓದಿ ಯಾರಿಗೆ ಅರ್ಥವಾಗಿದೆ, ಯಾರಿಗೆ ಇಲ್ಲ ಎಂದು ಹೇಳುತ್ತದೆ. 42 ಮಕ್ಕಳ ತರಗತಿಗೆ ಒಂದೇ ಫೋನ್ ಸಾಕು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳು ಸರ್ಕಾರದ ದೀಕ್ಷಾ ಎಂಬ ಕಲಿಕಾ ತಾಣಕ್ಕೆ ಒಯ್ಯುತ್ತವೆ, ಅದು ನಿಮಗೆ ಗೊತ್ತಿರುವುದೇ. ಅಲ್ಲಿನ ವಿಡಿಯೊವನ್ನು ಸಮಸ್ಯೆಯ ನಡುವೆ, ಮಕ್ಕಳು ಒಂದು ಪ್ರಶ್ನೆಯಲ್ಲಿ ಸಿಕ್ಕಿಬಿದ್ದಾಗ, ಮೂರು ನಿಮಿಷ ತೋರಿಸಿ. ಪೂರ್ತಿ ತೋರಿಸಬೇಕೆಂಬ ಕಾನೂನು ಇಲ್ಲ.

ಎಐ ಚಾಟ್‌ಬಾಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಮಕ್ಕಳ ಕೈಗೆ ಕೊಡಬೇಡಿ, ಎಲ್ಲರೆದುರು ನೀವೇ ಕೇಳಿ ತೋರಿಸಿ: 'ಘಟಕದ ತ್ಯಾಜ್ಯ ನೀರನ್ನು ಗಿಡಕ್ಕೆ ಹಾಕಬಹುದೇ?' ಉತ್ತರ ಬಂದ ಮೇಲೆ ಮಕ್ಕಳು ತಮ್ಮ ಅಂಕಿ ಹಿಡಿದು ಅದನ್ನು ತಿದ್ದಲಿ. ಅದಕ್ಕೆ ನಿಮ್ಮ ಊರಿನ 2,040 ಗೊತ್ತಿಲ್ಲ, ಮಕ್ಕಳಿಗೆ ಗೊತ್ತಿದೆ.

ಯಂತ್ರ ಕೊಟ್ಟರೆ ಕಲಿಕೆ ತಾನಾಗಿ ಬರುತ್ತದೆ ಎಂದು ನಂಬಿದವರು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದಾರೆ. ಪೆರು ದೇಶ ತನ್ನ ಹಳ್ಳಿ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು. 319 ಶಾಲೆಗಳನ್ನು ನೋಡಿ 2012ರಲ್ಲಿ ಬಂದ ಅಧ್ಯಯನದಲ್ಲಿ ಗಣಿತ, ಭಾಷೆ ಎರಡರಲ್ಲೂ ಸುಧಾರಣೆ ಕಾಣಲಿಲ್ಲ. ನಮ್ಮ ದೇಶದ ವಡೋದರಾದಲ್ಲಿ ಕಥೆ ಬೇರೆ. ಅಲ್ಲಿ ನಾಲ್ಕನೇ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ ಕಂಪ್ಯೂಟರಿನಲ್ಲಿ ತಮ್ಮ ಮಟ್ಟದ ಗಣಿತದ ಆಟ ಆಡಿದರು, ಗಣಿತ ನಿಜಕ್ಕೂ ಸುಧಾರಿಸಿತು. ಎರಡೂ ಕಡೆ ಇದ್ದದ್ದು ಕಂಪ್ಯೂಟರೇ. ಅದರಿಂದ ಮಗು ಏನು ಮಾಡಬೇಕು ಎಂದು ಯಾರಾದರೂ ಯೋಚಿಸಿದ್ದರೋ ಇಲ್ಲವೋ, ಅದು ಬೇರೆಯಾಗಿತ್ತು.

ಪಾಠ ಮುಗಿಸುವ ಚಿಂತೆ. ಇಂಥದ್ದನ್ನು ವರ್ಷಕ್ಕೆ ಎರಡು ಸಲ ಮಾಡಿದರೆ ಸಾಕು, ಸೆಮಿಸ್ಟರಿಗೊಂದು. ಒಂದಕ್ಕೆ ಎಂಟು-ಹತ್ತು ಪೀರಿಯಡ್ ಹಿಡಿಯುತ್ತದೆ, ಮೂರು ವಾರಕ್ಕೆ ಹರಡಿಕೊಳ್ಳಿ. ಗಣಿತ, ವಿಜ್ಞಾನ ಎರಡೂ ನಿಮ್ಮದೇ ಆಗಿರುವುದು ಇಲ್ಲಿ ಅನುಕೂಲ, ವೇಳಾಪಟ್ಟಿಗಾಗಿ ಯಾರನ್ನೂ ಬೇಡಬೇಕಾಗಿಲ್ಲ. ಶೇಕಡ ಪಾಠದ ಅಭ್ಯಾಸ ಲೆಕ್ಕಗಳಲ್ಲಿ ಅರ್ಧ ಇದರಲ್ಲೇ ಮುಗಿಯುತ್ತವೆ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಬೇರೆ ಏನೂ ಮಾಡಿಸಬೇಡಿ, ಇದಕ್ಕೇ ಅಂಕ ಕೊಡಿ. ಅಂಕ ಗುಂಪಿಗೆ ಮಾತ್ರ ಕೊಟ್ಟರೆ ನಾಲ್ವರು ಕೂತು ಇಬ್ಬರು ದುಡಿಯುತ್ತಾರೆ. ಹಾಗಾಗಿ ಕೊನೆಗೆ ಪ್ರತಿ ಮಗುವಿಗೂ ಅಂಕಿ ಬದಲಿಸಿದ ಒಂದು ಪುಟದ ಲೆಕ್ಕ ಕೊಡಿ: 'ಪಕ್ಕದ ಊರಿನ ಘಟಕದಲ್ಲಿ ಮುಂದೆ 12, ಹಿಂದೆ 18 ಲೀಟರ್.' ಯಾರು ಕಲಿತಿದ್ದಾರೆ ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬಾರದವರಿಗೆ ಮತ್ತೆ ಕಲಿಸಿ, ಹಳೆಯ ರೀತಿಯಲ್ಲೇ.

ನೀರು ಬೇಡ, ಬೇರೆ ಬೇಕು ಅನ್ನಿಸಿದರೆ ನಮ್ಮ ಕಡೆ ಸಮಸ್ಯೆಗೆ ಬರವೇ? ದ್ರಾಕ್ಷಿ ಶೆಡ್ ಇರುವ ಊರಾದರೆ, ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ ಬರುತ್ತದೆ ಎನ್ನುತ್ತಾರೆ. ಹಸಿ ಮಾರುವುದು ಲಾಭವೋ, ಒಣಗಿಸಿ ಮಾರುವುದೋ ಎಂದು ಕೇಳಿ. ಬರೀ ದರ ನೋಡಿ ಉತ್ತರ ಹೇಳಲು ಬರುವುದಿಲ್ಲ. ಮುಧೋಳ, ಜಮಖಂಡಿ, ಅಥಣಿ ಕಡೆಯವರಿಗೆ ಕಬ್ಬಿನ ತೂಕದ ಚೀಟಿ ಸಾಕು, ಅದರಲ್ಲಿ ಇಡೀ ಗಣಿತವಿದೆ. ಗುಳೇದಗುಡ್ಡದ ಶಿಕ್ಷಕರಿಗೆ ಖಣದ ಒಂದು ತುಂಡು ಸಿಕ್ಕರೆ ಸಮಮಿತಿಯ ಪಾಠ ಅಲ್ಲೇ ಇದೆ: ಈ ವಿನ್ಯಾಸ ಎಷ್ಟು ಎಳೆಗೊಮ್ಮೆ ಮರುಕಳಿಸುತ್ತದೆ? ಫೋನಿನ ಕ್ಯಾಮೆರಾವನ್ನು ದೊಡ್ಡದು ಮಾಡಿ ನೋಡಲು ಬಳಸಬಹುದು. ವಿಜಯಪುರ ನಗರದ ಎಂಟನೇ ತರಗತಿಯಾದರೆ ನಾನು ಆದಿಲ್‌ಶಾಹಿ ಕಾಲದ ನೀರಿನ ಗಂಜ್‌ಗಳ ಹತ್ತಿರ ಒಯ್ಯುತ್ತಿದ್ದೆ. ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ನೀರು ತರುವಾಗ ನಡುನಡುವೆ ಈ ಗೋಪುರ ಯಾಕೆ ಕಟ್ಟಿದರು? ಒತ್ತಡದ ಪಾಠಕ್ಕೆ ಅಷ್ಟು ಚಂದದ ಪ್ರಶ್ನೆ ಪುಸ್ತಕದಲ್ಲಿ ಇಲ್ಲ.

ಒಂಬತ್ತನೇ, ಹತ್ತನೇ ತರಗತಿಯವರಿಗೆ ಪರೀಕ್ಷೆಯ ಒತ್ತಡ ಜಾಸ್ತಿ, ಅಲ್ಲಿ ಎರಡು ಪೀರಿಯಡ್ಡಿನ ಸಣ್ಣ ಸಮಸ್ಯೆ ಮೇಲು. ಒಂದರಿಂದ ಮೂರನೇ ತರಗತಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಇದೆ, ಅದರ ಮೇಲೆ ಇದನ್ನು ಹೇರಬೇಡಿ.

ಕೊನೆಯದು, ಮೇಲಿನವರು ಬಂದಾಗ ಏನು ತೋರಿಸುವುದು. ಸಿಆರ್‌ಪಿಯೋ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರೋ ಬಂದಾಗ ಗೋಡೆಯ ಮೇಲೆ ಬಣ್ಣದ ಚಾರ್ಟ್ ಇರುವುದಿಲ್ಲ, ಟಿವಿ ಆಫ್ ಇರಬಹುದು, ಮಕ್ಕಳು ಗುಂಪಾಗಿ ಗಲಾಟೆ ಮಾಡುತ್ತಿರಬಹುದು. ಭಯ ಸಹಜ. ಮೂರು ವಸ್ತು ಮೇಜಿನ ಮೇಲೆ ಇಟ್ಟುಕೊಳ್ಳಿ. ಒಂದು, ಮೊದಲ ದಿನದ ಕರಿಹಲಗೆಯ ಫೋಟೊ, ತಪ್ಪುಗಳ ಸಮೇತ. ಎರಡು, ಗುಂಪುಗಳ ಅಳತೆಯ ಹಾಳೆಗಳು, ಕಾಟು ಹೊಡೆದು ತಿದ್ದಿದ್ದು ಹಾಗೇ ಇರಲಿ. ಮೂರು, ಮಕ್ಕಳು ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಬರೆದ ಪತ್ರದ ನಕಲು. ಅದರಲ್ಲಿ ದೂರು ಇರಬಾರದು, ಅಂಕಿ ಮತ್ತು ಒಂದು ಬೇಡಿಕೆ ಇರಬೇಕು: ಹಿಂದಿನ ಪೈಪಿಗೆ ಒಂದು ತೊಟ್ಟಿ ಕಟ್ಟಿಸಿ, ಶಾಲೆಯ ಶೌಚಾಲಯಕ್ಕೆ ಆ ನೀರು ಬಿಡಿ, ಇಂಥ ಯಾವುದಾದರೂ. ನಕಲಿನ ಮೇಲೆ ಪಂಚಾಯಿತಿಯ ಸ್ವೀಕೃತಿ ಸೀಲು ಹಾಕಿಸಿಕೊಂಡು ಬರಲು ಮಕ್ಕಳನ್ನೇ ಕಳಿಸಿ, ಜೊತೆಗೆ ನೀವೋ ಮುಖ್ಯ ಗುರುಗಳೋ ಹೋಗಿ. ಬಂದ ಅಧಿಕಾರಿ ಪ್ರಶ್ನೆ ಕೇಳಿದರೆ ನೀವು ಉತ್ತರ ಕೊಡಬೇಡಿ. ಹಿಂದಿನ ಬೆಂಚಿನ ಯಾವುದಾದರೂ ಮಗುವಿಗೆ ಕೇಳಲು ಹೇಳಿ, 'ಒಂದು ಕ್ಯಾನಿಗೆ ಎಷ್ಟು ನೀರು ಹೋಗ್ತದೆ?' ಎಂದು.